ತೋಳು ಹಿಡಿದ ಕೈ

ಮೊದಲ ಸಲ ಜೂಡೊ ಪಂದ್ಯ ನೋಡಲು ಬಂದ ತಂದೆ ತಾಯಿಗಳಿಗೆ ಸಾಮಾನ್ಯವಾಗಿ ನಿರಾಸೆಯೇ ಆಗುತ್ತದೆ. ಸಿನಿಮಾದಲ್ಲಿ ಕಂಡಂತೆ ಒಬ್ಬರು ಇನ್ನೊಬ್ಬರನ್ನು ಗಾಳಿಯಲ್ಲಿ ತೂರಿ ಎಸೆಯುತ್ತಾರೆಂದು ಕಾದು ಕುಳಿತರೆ, ಹಾಸಿನ ಮೇಲೆ ನಡೆಯುವುದೇ ಬೇರೆ. ಬಿಳಿ ಅಂಗಿಯ ಹುಡುಗಿ, ನೀಲಿ ಅಂಗಿಯ ಹುಡುಗಿ ಎದುರುಬದುರು ನಿಂತು ಬಾಗಿ ವಂದಿಸುತ್ತಾರೆ. ರೆಫರಿ ‘ಹಾಜಿಮೆ’ ಎನ್ನುತ್ತಾರೆ. ಅಲ್ಲಿಂದ ಶುರು. ಒಬ್ಬಳು ಕೈ ಚಾಚುತ್ತಾಳೆ, ಇನ್ನೊಬ್ಬಳು ಅದನ್ನು ತಟ್ಟಿ ಹಾಕುತ್ತಾಳೆ. ಇವಳು ಅಂಗಿಯ ಎದೆಪಟ್ಟಿ ಹಿಡಿಯುತ್ತಾಳೆ, ಅವಳು ಕೊಡವಿಕೊಂಡು ಹಿಂದೆ ಸರಿಯುತ್ತಾಳೆ. ಬೀದಿನಲ್ಲಿಯ ಮುಂದೆ ಕೊಡ ಹಿಡಿದು ನಿಂತವರ ತಳ್ಳಾಟಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಮೇಲೆ ಕುಳಿತವರಿಗೆ ಅನ್ನಿಸಿದರೆ ತಪ್ಪಿಲ್ಲ. ‘ಎತ್ತಿ ಹಾಕು, ಸುಮ್ನೆ ಏನ್ ನೋಡ್ತೀಯ!’ ಎಂದು ಯಾರೋ ಒಬ್ಬ ಅಪ್ಪ ಕೂಗುತ್ತಾನೆ. ಅಷ್ಟರಲ್ಲಿ ಬಿಳಿ ಅಂಗಿಯವಳು ನೆಲದ ಮೇಲಿರುತ್ತಾಳೆ. ಯಾವಾಗ ಬಿದ್ದಳು, ಹೇಗೆ ಬಿದ್ದಳು ಎಂಬುದು ಅವಳ ತಾಯಿಗೆ ಕಾಣಲೇ ಇಲ್ಲ.

ನಿಜವಾಗಿ ಅವಳು ಸೋತದ್ದು ಬಿದ್ದಾಗ ಅಲ್ಲ. ಅದಕ್ಕೂ ಎರಡು ಕ್ಷಣ ಮೊದಲು, ನೀಲಿ ಅಂಗಿಯವಳ ಎರಡೂ ಕೈಗಳು ತಮಗೆ ಬೇಕಾದ ಜಾಗದಲ್ಲಿ ಕುಳಿತು, ಇವಳ ಒಂದು ಕೈ ಇನ್ನೂ ಗಾಳಿಯಲ್ಲಿದ್ದಾಗ. ಆ ತಳ್ಳಾಟಕ್ಕೆ ಜೂಡೊದಲ್ಲಿ ‘ಕುಮಿಕಾತಾ’ ಎಂದು ಹೆಸರು. ಅಂದರೆ ಹಿಡಿಯುವ ವಿಧಾನ. ಇದಕ್ಕೆ ಅಂಕವಿಲ್ಲ. ಎದುರಾಳಿಯ ಅಂಗಿಯನ್ನು ಎಷ್ಟೇ ಚೆಂದವಾಗಿ ಹಿಡಿದರೂ ಫಲಕದ ಮೇಲೆ ಏನೂ ಬೀಳುವುದಿಲ್ಲ. ಆದರೆ ಅಂಕ ಬರುವ ಪ್ರತಿಯೊಂದು ಎಸೆತದ ಬುಡದಲ್ಲಿ ಇದು ಇದ್ದೇ ಇರುತ್ತದೆ. ಶಾಲಾ ಪಂದ್ಯಗಳಲ್ಲಿ ಗಟ್ಟಿಮುಟ್ಟಾದ ಮಕ್ಕಳು ತಮಗಿಂತ ಬಡಕಲಾದವರ ಕೈಯಲ್ಲಿ ಸೋತು ಅಳುತ್ತಾ ಬರುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಹುಡುಕಬೇಕಾದದ್ದು ಇಲ್ಲಿಯೇ.

ನಮ್ಮ ಗರಡಿಮನೆಯ ಕುಸ್ತಿಯನ್ನು ಬಲ್ಲವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಕುಸ್ತಿಯಲ್ಲಿ ಹಿಡಿಯಲು ಬಟ್ಟೆಯೇ ಇಲ್ಲ. ಇರುವುದು ಕತ್ತು, ಮಣಿಕಟ್ಟು, ಸೊಂಟ, ಕಾಲು. ಬೆವರಿನಿಂದ ಕೈ ಜಾರದಿರಲಿ ಎಂದು ಪೈಲ್ವಾನರು ಅಖಾಡದ ಮಣ್ಣನ್ನೇ ಮೈಗೆ ಎರಚಿಕೊಳ್ಳುತ್ತಾರೆ. ಜೂಡೊದಲ್ಲಿ ಆ ಮಣ್ಣಿನ ಕೆಲಸವನ್ನು ಅಂಗಿ ಮಾಡುತ್ತದೆ. ದಪ್ಪ ಹತ್ತಿಯ ನೇಯ್ಗೆಯ, ಹರಿಯದ ಅಂಗಿ; ಅದರ ಹೆಸರು ‘ಜೂಡೊಗಿ’. ಎದುರಾಳಿಯ ಅಂಗಿ ನಿಮ್ಮ ಮಗುವಿಗೆ ಹಿಡಿಕೆ. ನಿಮ್ಮ ಮಗುವಿನ ಅಂಗಿ ಎದುರಾಳಿಗೆ ಹಿಡಿಕೆ. ಇಬ್ಬರೂ ತಮ್ಮ ಶತ್ರುವಿಗೆ ಬೇಕಾದ ಆಯುಧವನ್ನು ತಾವೇ ತೊಟ್ಟು ಬಂದಿರುತ್ತಾರೆ ಎಂದರೂ ಸರಿಯೇ. ಕನ್ನಡದಲ್ಲಿ ‘ಪಟ್ಟು’ ಎಂಬ ಮಾತಿಗೆ ಕುಸ್ತಿಯ ವರಸೆ ಎಂಬ ಅರ್ಥವೂ ಇದೆ, ಹಟ ಎಂಬ ಅರ್ಥವೂ ಇದೆ. ಕುಮಿಕಾತಾ ಪಟ್ಟಲ್ಲ, ಪಟ್ಟಿಗೆ ಮೊದಲಿನ ಮಾತು. ಹಟ ಮಾತ್ರ ಎರಡಕ್ಕೂ ಬೇಕು.

ಈ ಅಂಗಿಯೂ ಮೊದಲಿನಿಂದ ಹೀಗಿರಲಿಲ್ಲ. ಜೂಡೊದ ಆರಂಭದ ವರ್ಷಗಳ ಅಂಗಿಗೆ ತೋಳು ಗಿಡ್ಡ, ಚಲ್ಲಣವೂ ಗಿಡ್ಡ. ಮೊಣಕೈ, ಮೊಣಕಾಲು ತರಚುವುದು ನಿತ್ಯದ ಮಾತು. 1907ರ ಸುಮಾರಿಗೆ ತೋಳು ಉದ್ದವಾಯಿತು, ಚಲ್ಲಣ ಕೆಳಗಿಳಿಯಿತು. ತರಚುಗಾಯ ಕಡಿಮೆಯಾದದ್ದು ಒಂದು ಲಾಭ. ಉದ್ದ ತೋಳು ಬಂದ ಮೇಲೆ ಹಿಡಿಯಲು ಹೊಸ ಜಾಗ ಸಿಕ್ಕಿತು ಎಂಬುದು ಅದಕ್ಕಿಂತ ದೊಡ್ಡ ಲಾಭ. ಇವತ್ತು ಜಗತ್ತಿನ ಯಾವ ಮೂಲೆಯ ಜೂಡೊ ತರಗತಿಗೆ ಹೋದರೂ ಮೊದಲ ದಿನ ಹೇಳಿಕೊಡುವ ಹಿಡಿತ ಒಂದೇ: ಒಂದು ಕೈ ತೋಳಿನ ಮೇಲೆ, ಒಂದು ಕೈ ಎದೆಪಟ್ಟಿಯ ಮೇಲೆ.

ಜೂಡೊವನ್ನು ಕಟ್ಟಿದ ಜಿಗೊರೊ ಕಾನೊ ಅವರ ಕಥೆ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದೇ. 1860ರಲ್ಲಿ ಹುಟ್ಟಿದ ಕಾನೊ ಓದಿನಲ್ಲಿ ಜಾಣ, ಮೈಕಟ್ಟಿನಲ್ಲಿ ಪೀಚು. ವಸತಿಶಾಲೆಯಲ್ಲಿ ದಾಂಡಿಗ ಹುಡುಗರಿಂದ ಸಾಕಷ್ಟು ಪೆಟ್ಟು ತಿಂದವರು. ದುರ್ಬಲನೂ ಬಲಿಷ್ಠನನ್ನು ಕೆಡವಬಹುದಾದ ಜುಜುತ್ಸು ಎಂಬ ವಿದ್ಯೆ ಇದೆ ಎಂದು ಕೇಳಿ, ಕಲಿಸುವ ಗುರುವಿಗಾಗಿ ಟೋಕಿಯೊದಲ್ಲಿ ಅಲೆದರು. ಆ ಕಾಲಕ್ಕೆ ಜಪಾನಿನಲ್ಲಿ ಪಾಶ್ಚಾತ್ಯ ಗಾಳಿ ಬೀಸಿ ಹಳೆಯ ವಿದ್ಯೆಗಳಿಗೆ ಬೆಲೆ ಇಳಿದಿತ್ತು. ಜುಜುತ್ಸು ಬಲ್ಲ ಅನೇಕರು ಮುರಿದ ಮೂಳೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದರು. ಹುಡುಗ ಕಾನೊ ಮೂಳೆ ಕಟ್ಟುವವರ ಅಂಗಡಿಗಳನ್ನು ಹುಡುಕಿಕೊಂಡು ಹೋಗಿ, 1877ರಲ್ಲಿ ಫುಕುದಾ ಹಚಿನೊಸುಕೆ ಎಂಬ ಗುರುವನ್ನು ಕಂಡುಕೊಂಡರು.

ಅಲ್ಲಿಯೂ ಒಂದು ತೊಡಕು. ಫುಕುಶಿಮಾ ಎಂಬ ಭಾರಿ ಆಳು ಸಹಪಾಠಿ. ಎಷ್ಟು ಸಲ ಎದುರಿಸಿದರೂ ಕಾನೊಗೆ ಅವನನ್ನು ಅಲುಗಿಸಲಾಗಲಿಲ್ಲ. ಸುಮೊ ವರಸೆಗಳನ್ನು ತಂದು ನೋಡಿದರು, ನಡೆಯಲಿಲ್ಲ. ಕೊನೆಗೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ತಿರುವಿ ಹಾಕಿ, ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಎತ್ತಿಕೊಳ್ಳುವ ಒಂದು ವರಸೆಯನ್ನು ಕಂಡರು, ಗೆಳೆಯರೊಂದಿಗೆ ಅಭ್ಯಾಸ ಮಾಡಿದರು, ಫುಕುಶಿಮಾನನ್ನು ಕೆಡವಿಯೇಬಿಟ್ಟರು. ಗ್ರಂಥಾಲಯಕ್ಕೆ ಹೋಗಿ ಬಂದು ಕುಸ್ತಿ ಗೆದ್ದವರು ಬಹಳ ಮಂದಿ ಇರಲಾರರು. 1882ರಲ್ಲಿ ಟೋಕಿಯೊದ ಐಶೊಜಿ ದೇವಾಲಯದ ಒಂದು ಕೋಣೆಯಲ್ಲಿ, ಹನ್ನೆರಡು ಚಾಪೆಗಳ ಜಾಗದಲ್ಲಿ ಅವರು ‘ಕೊದೊಕಾನ್’ ಶಾಲೆ ತೆರೆದಾಗ ವಯಸ್ಸು ಇಪ್ಪತ್ತೊಂದು. ಮೊದಲ ವರ್ಷ ಸೇರಿದ ಶಿಷ್ಯರು ಒಂಬತ್ತೇ ಮಂದಿ.

ಇದಾದ ಕೆಲವು ವರ್ಷಗಳಿಗೆ ಇನ್ನೊಂದು ಘಟನೆ ನಡೆಯಿತು. ಕಾನೊ ಅವರ ಮತ್ತೊಬ್ಬ ಗುರು ಇಕುಬೊ ತ್ಸುನೆತೊಶಿ ಎಸೆತಗಳಲ್ಲಿ ಎತ್ತಿದ ಕೈ. ಒಂದು ದಿನದ ಅಭ್ಯಾಸದಲ್ಲಿ ಗುರುವಿನ ಎಸೆತ ಒಂದೂ ತಾಗಲಿಲ್ಲ. ಶಿಷ್ಯನ ಎಸೆತ ಒಂದೂ ತಪ್ಪಲಿಲ್ಲ. ಕಾರಣ ಕೇಳಿದರೆ, ಎಸೆಯುವ ಮೊದಲು ಎದುರಾಳಿಯ ಸಮತೋಲ ಕೆಡಿಸಬೇಕು, ಅದನ್ನೇ ಕೆಲವು ದಿನಗಳಿಂದ ಗಮನಿಸುತ್ತಿದ್ದೇನೆ ಎಂದು ಶಿಷ್ಯ ವಿವರಿಸಿದರು. ಈ ಸಮತೋಲ ಕೆಡಿಸುವಿಕೆಗೆ ‘ಕುಜುಶಿ’ ಎಂದು ಹೆಸರು. ಜೂಡೊದ ಬೀಜಮಂತ್ರವೇ ಇದು. ಸಮತೋಲ ಕೆಡಿಸುವುದು ಕಣ್ಣಿನಿಂದ ಆಗುವ ಕೆಲಸವಲ್ಲ, ಕೈಯಿಂದ ಆಗಬೇಕಾದದ್ದು. ಎದುರಾಳಿಯ ಭಾರ ಈಗ ಹಿಮ್ಮಡಿಯ ಮೇಲಿದೆಯೋ, ಮುಂಗಾಲಿನ ಮೇಲಿದೆಯೋ ಎಂಬ ಸುದ್ದಿ ಬರುವುದೂ ಅಂಗಿ ಹಿಡಿದ ಬೆರಳುಗಳ ಮೂಲಕವೇ. ಅನುಭವಿಗಳು ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುವುದುಂಟು. ಕೈಗೆ ಕಣ್ಣು ಬರಲಿ ಎಂದು.

ಹಾಗಾದರೆ ಹಿಡಿಯುವುದು ಹೇಗೆ? ಹೊಸ ಮಕ್ಕಳಿಗೆ ಅಂಗಿ ಹಿಡಿ ಎಂದರೆ ಐದೂ ಬೆರಳುಗಳಿಂದ ಬಿಗಿಯಾಗಿ ಮುಷ್ಟಿ ಕಟ್ಟುತ್ತಾರೆ. ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿದ ಹಾಗೆ. ಎರಡು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಬೆರಳು ತೆರೆಯಲೂ ಆಗುವುದಿಲ್ಲ, ಮುಚ್ಚಲೂ ಆಗುವುದಿಲ್ಲ. ನಿಜವಾದ ಹಿಡಿತ ಕಿರುಬೆರಳಿನಿಂದ ಆರಂಭವಾಗುತ್ತದೆ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಈ ಮೂರು ಬಿಗಿ; ತೋರುಬೆರಳು, ಹೆಬ್ಬೆರಳು ಸಡಿಲ. ಕುಡುಗೋಲು ಹಿಡಿದು ಪೈರು ಕೊಯ್ಯುವವರ ಕೈ ನೋಡಿದರೆ ಇದು ಅರ್ಥವಾಗುತ್ತದೆ. ತೋರುಬೆರಳು ಹೆಬ್ಬೆರಳುಗಳನ್ನು ಬಿಗಿ ಮಾಡಿದ ಕೂಡಲೇ ಮಣಿಕಟ್ಟು ಸೆಟೆಯುತ್ತದೆ, ಮಣಿಕಟ್ಟು ಸೆಟೆದರೆ ಮೊಣಕೈ, ಮೊಣಕೈಯಿಂದ ಹೆಗಲು. ಹೆಗಲು ಸೆಟೆದ ಹುಡುಗನನ್ನು ಕೆಡವುವುದು ಕಂಬವನ್ನು ಓಲಿಸಿದಷ್ಟೇ ಸುಲಭ; ಅವನು ತಾನೇ ಒಂದು ಸನ್ನೆಗೋಲನ್ನು ಎದುರಾಳಿಯ ಕೈಗೆ ಕೊಟ್ಟಿರುತ್ತಾನೆ.

ಎರಡು ಕೈಗಳಿಗೆ ಎರಡು ಬೇರೆ ಕೆಲಸ. ಬಲಗೈ ಆಟಗಾರರಲ್ಲಿ ಎಡಗೈ ಎದುರಾಳಿಯ ಬಲತೋಳನ್ನು, ಮೊಣಕೈಯ ಹತ್ತಿರ, ಹಿಡಿಯುತ್ತದೆ. ಇದಕ್ಕೆ ‘ಹಿಕಿತೆ’ ಎನ್ನುತ್ತಾರೆ, ಎಳೆಯುವ ಕೈ. ಬಲಗೈ ಎದುರಾಳಿಯ ಎಡ ಎದೆಪಟ್ಟಿಯನ್ನು ಕೊರಳ ಮೂಳೆಯ ಆಸುಪಾಸಿನಲ್ಲಿ ಹಿಡಿಯುತ್ತದೆ. ಅದು ‘ತ್ಸುರಿತೆ’, ಮೇಲೆತ್ತುವ ಕೈ. ಹೊಸಬರು ಎದೆಪಟ್ಟಿಯ ಕೈಯನ್ನೇ ದೊಡ್ಡದೆಂದು ತಿಳಿಯುತ್ತಾರೆ. ಅದು ಮುಖದ ಹತ್ತಿರ ಇರುತ್ತದಲ್ಲ, ಕಾಣಿಸುತ್ತದೆ. ತೋಳಿನ ಕೈಯನ್ನು ಸುಮ್ಮನೆ ತೂಗುಹಾಕಿರುತ್ತಾರೆ. ಆದರೆ ಎದುರಾಳಿಯನ್ನು ತಿರುಗಿಸಿ ಮುಂಗಾಲಿನ ಮೇಲೆ ತರುವ ಕೆಲಸದ ದೊಡ್ಡ ಪಾಲು ಈ ತೋಳಿನ ಕೈಯದು. ಇದನ್ನು ಹೇಳಿಕೊಡಲು ತರಬೇತುದಾರರು ಬಳಸುವ ಒಂದು ಉಪಾಯವಿದೆ. ಎಡಗೈಯಲ್ಲಿ ವಾಚು ಕಟ್ಟಿದವನು ಗಂಟೆ ನೋಡುವಾಗ ಮಣಿಕಟ್ಟನ್ನು ಹೇಗೆ ಹೊರಳಿಸಿ ಕಣ್ಣಿನ ಎತ್ತರಕ್ಕೆ ತರುತ್ತಾನೆ? ಎದುರಾಳಿಯ ತೋಳನ್ನು ಹಿಡಿದುಕೊಂಡೇ ಹಾಗೆ ಗಂಟೆ ನೋಡು ಎನ್ನುತ್ತಾರೆ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಎದುರಾಳಿಯ ಮೊಣಕೈ ಮೇಲಕ್ಕೆ ತೆರೆಯುತ್ತದೆ, ಅವಳ ಬಲಪಕ್ಕ ಮುಂದಕ್ಕೆ ಬರುತ್ತದೆ, ಹಿಮ್ಮಡಿ ನೆಲ ಬಿಡುತ್ತದೆ. ಎದೆಪಟ್ಟಿಯ ಕೈ ಅದೇ ಹೊತ್ತಿಗೆ, ಮೊಣಕೈ ತಗ್ಗಿಸಿ, ಮುಂಗೈಯನ್ನು ಎದುರಾಳಿಯ ಎದೆಗೆ ಒತ್ತಿ ಮೇಲೆತ್ತಬೇಕು. ಮೊಣಕೈ ಗಾಳಿಯಲ್ಲಿ ಅಗಲಿಸಿ ಎತ್ತಿದರೆ ಹೆಗಲಿಗೆ ಪೆಟ್ಟು.

ಕೈ ಚಾಚುವಾಗ ಕಾಲು ಏನು ಮಾಡುತ್ತಿದೆ ಎಂಬುದೂ ಮುಖ್ಯ. ದೂರದಲ್ಲಿ ನಿಂತು ನಡು ಬಗ್ಗಿಸಿ ಕೈ ಚಾಚಿದರೆ ತಲೆ ಮುಂದೆ ಬರುತ್ತದೆ. ತಲೆ ಮುಂದೆ ಬಂದವನನ್ನು ಎಳೆಯಲು ಬಲ ಬೇಕಿಲ್ಲ. ಯಾವ ಕೈ ಚಾಚುತ್ತದೋ ಆ ಕಡೆಯ ಕಾಲೂ ಜೊತೆಗೇ ಹೋಗಬೇಕು, ಬೆನ್ನು ನೆಟ್ಟಗಿರಬೇಕು, ಎರಡು ಕಾಲು ಕತ್ತರಿಯಾಗಬಾರದು. ಇದಿಷ್ಟನ್ನು ಕಲಿಯಲು ಒಬ್ಬ ಸಾಮಾನ್ಯ ವಿದ್ಯಾರ್ಥಿಗೆ ತಿಂಗಳುಗಳೇ ಬೇಕು. ಪಟ್ಟುಗಳ ಹೆಸರನ್ನು ಪಟಪಟನೆ ಒಪ್ಪಿಸುವ ಮಗುವಿನ ಬಗ್ಗೆ ಹೆಮ್ಮೆಪಡುವ ಮುನ್ನ ಅದರ ಕಾಲು ನೋಡುವುದು ಒಳ್ಳೆಯದು.

ಇಬ್ಬರೂ ಬಲಗೈಯವರಾದರೆ ಆ ಜೋಡಿಗೆ ‘ಐ ಯೊತ್ಸು’ ಎಂದು ಹೆಸರು. ಒಬ್ಬರು ಬಲ, ಒಬ್ಬರು ಎಡ ಆದರೆ ಅದು ‘ಕೆಂಕಾ ಯೊತ್ಸು’. ಕೆಂಕಾ ಎಂದರೆ ಜಗಳ. ಹೆಸರು ಸರಿಯಾಗಿಯೇ ಇದೆ. ಕನ್ನಡಿಯ ಮುಂದೆ ನಿಂತಂತೆ ಇಬ್ಬರ ಮುಂದಿನ ಕಾಲುಗಳು ಎದುರಾಗುತ್ತವೆ, ಇಬ್ಬರ ಎದೆಪಟ್ಟಿಯ ಕೈಗಳೂ ಒಂದೇ ಪಕ್ಕದಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಯಾರ ತೋಳು ಒಳಗಿರಬೇಕು, ಯಾರದು ಹೊರಗಿರಬೇಕು ಎಂಬುದೇ ದೊಡ್ಡ ಜಗಳ. ಒಳಗಿನವರು ಅಂತರವನ್ನು ಕಾಯುತ್ತಾರೆ, ಹೊರಗಿನವರು ಮೇಲಿನಿಂದ ಅಮುಕುತ್ತಾರೆ. ತೋಳಿನ ಕೈ ಎದುರಾಳಿಗೆ ಬಲು ದೂರ. ಅದನ್ನು ಇಬ್ಬರೂ ಬೆನ್ನ ಹಿಂದೆ ಎಂಬಂತೆ ಅಡಗಿಸಿಟ್ಟುಕೊಂಡಿರುತ್ತಾರೆ. ನೋಡುಗರಿಗೆ ಬೇಸರ ತರಿಸುವುದು ಹೆಚ್ಚಾಗಿ ಇಂಥ ಪಂದ್ಯಗಳೇ.

ಎಡಚ ಮಕ್ಕಳ ತಂದೆ ತಾಯಿಗಳು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಊಟಕ್ಕೆ, ಬರವಣಿಗೆಗೆ ಬಲಗೈಯನ್ನೇ ಬಳಸೆಂದು ಮಗುವನ್ನು ಗದರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಜೂಡೊ ಹಾಸಿನ ಮೇಲೆ ಎಡಗೈ ವರವೇ ಹೌದು. ತರಗತಿಯಲ್ಲಿ ಹೆಚ್ಚಿನವರು ಬಲಗೈಯವರು. ಎಡಗೈಯ ಮಗು ದಿನವೂ ಬಲಗೈಯವರೊಡನೆಯೇ ಆಡಿ ಪಳಗುತ್ತದೆ, ಅವರಿಗೆ ಮಾತ್ರ ಎಡಗೈಯವರು ಅಪರೂಪ. 1977ರಿಂದ 1985ರವರೆಗೆ ಒಂದೂ ಪಂದ್ಯ ಸೋಲದೆ 203 ಗೆಲುವುಗಳನ್ನು ಕಂಡ ಜಪಾನಿನ ಯಾಸುಹಿರೊ ಯಾಮಾಶಿತಾ ಎಡ ಹಿಡಿತದ ಆಟಗಾರ.

ಹಿಡಿಯುವುದು ಅರ್ಧವಾದರೆ ಬಿಡಿಸಿಕೊಳ್ಳುವುದು ಇನ್ನರ್ಧ. ಯಾವ ಮುಷ್ಟಿಗೂ ಒಂದು ಬಾಯಿ ಇರುತ್ತದೆ. ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಕೂಡುವ ಜಾಗ. ಬಿಡಿಸಿಕೊಳ್ಳುವವರು ಆ ಬಾಯಿಯ ಕಡೆಗೇ ಎಳೆಯಬೇಕು. ಅದೂ ಬರೀ ತೋಳಿನಿಂದಲ್ಲ. ಸೊಂಟ ತಿರುಗಬೇಕು, ಒಂದು ಹೆಜ್ಜೆ ಹಿಂದೆ ಹೋಗಬೇಕು, ಇಡೀ ಮೈಯ ಭಾರ ಒಂದು ಜಾಡಿಗೆ ಸಿಗಬೇಕು. ಮಕ್ಕಳು ಮಾಡುವ ತಪ್ಪು ಬಿಡಿಸಿಕೊಂಡು ‘ಉಸ್’ ಎಂದು ನಿಲ್ಲುವುದು. ಆಗ ಎದುರಾಳಿ ಮತ್ತೆ ಹಿಡಿಯುತ್ತಾಳೆ, ಮತ್ತೆ ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡ ಆ ಗಳಿಗೆಯಲ್ಲಿ ಎದುರಾಳಿಯ ಕೈ ಖಾಲಿ ಇರುತ್ತದಲ್ಲ, ಆಗಲೇ ತಾನು ಹಿಡಿಯಬೇಕು, ಹಿಡಿದ ಉಸಿರಿನಲ್ಲೇ ಎಸೆತಕ್ಕೆ ಹೋಗಬೇಕು. ಇದನ್ನು ರೂಢಿಸಲು ಅನೇಕ ತರಬೇತಿ ಕೇಂದ್ರಗಳಲ್ಲಿ ಅರ್ಧ ನಿಮಿಷದ ಒಂದು ಆಟವಿದೆ. ಎಸೆಯುವಂತಿಲ್ಲ, ತನ್ನ ಎರಡೂ ಕೈ ಕೂರಿಸಬೇಕು, ಎದುರಾಳಿಯದು ಒಂದೇ ಇರಬೇಕು, ಅಷ್ಟೇ ಗೆಲುವು. ಬೀಳುವ ಭಯ ಇಲ್ಲದ್ದರಿಂದ ಪುಕ್ಕಲು ಮಕ್ಕಳೂ ಇದರಲ್ಲಿ ಬೇಗ ಅರಳುತ್ತಾರೆ. ಎಷ್ಟೋ ಸಲ ತರಗತಿಯ ಅತಿ ದೊಡ್ಡ ಹುಡುಗನೇ ಈ ಆಟದಲ್ಲಿ ಮೊದಲು ಸೋಲುವವನು.

ನಿಯಮಗಳನ್ನೂ ಒಂದಿಷ್ಟು ತಿಳಿದಿರಬೇಕು. ಅಂತರರಾಷ್ಟ್ರೀಯ ಪಂದ್ಯಗಳ ನಿಗದಿತ ಅವಧಿ ನಾಲ್ಕು ನಿಮಿಷ. ಹಿಡಿತ ಕೊಡದೆ ಓಡಾಡುತ್ತಿದ್ದರೆ, ಎದುರಾಳಿಯ ತೋಳಿನ ತುದಿಯೊಳಗೆ ಬೆರಳು ತೂರಿಸಿದರೆ ‘ಶಿದೊ’ ಎಂಬ ಎಚ್ಚರಿಕೆಯ ದಂಡ. ಮೂರು ಶಿದೊ ಆದರೆ ಪಂದ್ಯವೇ ಹೋಯಿತು. ಬೆಲ್ಟು ಹಿಡಿಯುವುದು, ಎರಡೂ ಕೈಗಳನ್ನು ಒಂದೇ ಪಕ್ಕಕ್ಕೆ ಹಾಕುವುದು ಮುಂತಾದ ವಕ್ರ ಹಿಡಿತಗಳನ್ನು ಹಿಡಿದು ಸುಮ್ಮನೆ ಕಾಲ ಕಳೆಯುವಂತಿಲ್ಲ. ಹಿಂದೆ ಕೈಯಿಂದ ಕಾಲು ಹಿಡಿದು ಕೆಡವುವುದಿತ್ತು. 2010ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಬಹುಮಟ್ಟಿಗೆ ತಡೆಯಿತು, 2013ರಲ್ಲಿ ಪೂರ್ತಿ ನಿಷೇಧಿಸಿತು. ಕಾಲಿನ ದಾರಿ ಮುಚ್ಚಿದ್ದರಿಂದ ತೋಳು ಎದೆಪಟ್ಟಿಗಳ ಬೆಲೆ ಏರಿತು. ಹಳೆಯ ಪಂದ್ಯಗಳ ಚಿತ್ರ ನೋಡಿ ಕಲಿಯುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡದಿದ್ದರೆ ಪಂದ್ಯದಲ್ಲಿ ಪೇಚು.

ಹಿಡಿತಕ್ಕೆ ಊರಿನ ಗುಣವೂ ಇದೆ. ಕಕೇಸಸ್ ಪರ್ವತದ ಜಾರ್ಜಿಯಾ ದೇಶದಲ್ಲಿ ‘ಚಿದಾವೊಬಾ’ ಎಂಬ ಹಳೆಯ ಕುಸ್ತಿ ಇದೆ. ನಮ್ಮ ಜಾತ್ರೆಯ ಕುಸ್ತಿಯಂತೆ ವಾದ್ಯ ಬಾರಿಸುತ್ತಲೇ ಆಡುವುದು. ಅಲ್ಲಿನ ಅಂಗಿಗೆ ತೋಳು ಬಲು ಗಿಡ್ಡ, ಸೊಂಟಕ್ಕೆ ಪಟ್ಟಿ ಉಂಟು. ತೋಳೇ ಇಲ್ಲದ ಮೇಲೆ ಹಿಡಿಯುವುದೇನು? ಬೆನ್ನು, ಸೊಂಟಪಟ್ಟಿ. ಅದನ್ನು ಕಲಿತು ಬಂದವರು ಸೋವಿಯತ್ ತಂಡದೊಂದಿಗೆ ಜೂಡೊಗೆ ಇಳಿದಾಗ, ಹೆಗಲ ಮೇಲಿಂದ ಕೈ ಹಾಯಿಸಿ ಬೆನ್ನು ಹಿಡಿಯುವ ಅವರ ಒರಟು ಹಿಡಿತ ಜಪಾನಿ ಶಾಲೆಯವರಿಗೆ ಹೊಸ ತಲೆನೋವಾಯಿತು. ಕರ್ನಾಟಕಕ್ಕೂ ಇದರ ಒಂದು ಎಳೆ ತಾಗಿದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜಾರ್ಜಿಯಾದ ತರಬೇತುದಾರ ಮಮೂಕಾ ಕಿಜಿಲಾಶ್ವಿಲಿ ಅವರ ಕೈಯಲ್ಲಿ ಪಳಗಿದ ಮಣಿಪುರದ ಹುಡುಗಿ ಲಿಂತೊಯ್ ಚನಂಬಮ್, 2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಜೂಡೊದ 57 ಕಿಲೊ ವಿಭಾಗದಲ್ಲಿ ಚಿನ್ನ ಗೆದ್ದಳು. ಯಾವುದೇ ವಯೋಮಾನದ ವಿಶ್ವ ಜೂಡೊದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆಗವಳಿಗೆ ಹದಿನಾರು. ಬೆಳಗಾವಿ ಕಡೆಯ ಮಲಪ್ರಭಾ ಜಾಧವ್ ಕೂಡ ಜೂಡೊದಲ್ಲಿ ಪಳಗಿದ ಕೈಯನ್ನು ಉಜ್ಬೆಕಿಸ್ತಾನದ ‘ಕುರಾಶ್’ ಎಂಬ ಅಂಗಿ ಕುಸ್ತಿಗೆ ಒಯ್ದು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ತಂದವರು. ಇನ್ನು ಜೂಡೊ ಭಾರತಕ್ಕೆ ಬಂದದ್ದರಲ್ಲಿ ರವೀಂದ್ರನಾಥ ಠಾಕೂರರ ಪಾಲೂ ಇದೆ; 1929ರಲ್ಲಿ ಅವರು ತಕಾಗಾಕಿ ಶಿಂಜೊ ಎಂಬ ಜಪಾನಿ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದ್ದರು.

ಇಷ್ಟು ಹೊತ್ತು ಹೇಳಿದ್ದು ಗೆಲ್ಲುವ ಮಾತು. ತಂದೆ ತಾಯಿಗಳು ಇದಕ್ಕಿಂತ ಹೆಚ್ಚಾಗಿ ತಿಳಿಯಬೇಕಾದ ಇನ್ನೊಂದು ಮಾತಿದೆ. ಅದೂ ಆ ತೋಳು ಹಿಡಿದ ಕೈಯದೇ.

ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ಗೆಳತಿಯನ್ನು ಸೊಂಟದ ಮೇಲಿಂದ ಎಸೆಯುತ್ತಾಳೆ ಎಂದಿಟ್ಟುಕೊಳ್ಳಿ. ಎಸೆಯುವವಳ ಎಡಗೈ ಗೆಳತಿಯ ಬಲತೋಳನ್ನು ಹಿಡಿದಿದೆ. ಗೆಳತಿ ಗಾಳಿಯಲ್ಲಿ ತಿರುಗಿ ಹಾಸಿಗೆ ಬರುವ ಹೊತ್ತಿಗೆ ಈ ಕೈ ತೋಳನ್ನು ಬಿಡದೆ ಮೇಲಕ್ಕೆ ಸೆಳೆದರೆ, ಬೀಳುವವಳ ಹೆಗಲು ತಲೆಗಳು ಆ ಸೆಳೆತಕ್ಕೆ ಮೇಲೆ ಉಳಿಯುತ್ತವೆ. ಬೆನ್ನಿನ ಪಕ್ಕ ನೆಲ ಮುಟ್ಟುತ್ತದೆ, ಖಾಲಿ ಇರುವ ಎಡಗೈ ಹಾಸನ್ನು ಬಡಿಯುತ್ತದೆ, ಗಲ್ಲ ಎದೆಗೆ ಒತ್ತಿರುತ್ತದೆ. ಸದ್ದು ದೊಡ್ಡದು, ನೋವು ಚಿಕ್ಕದು. ಎಸೆಯುವವಳು ಗೆದ್ದ ಉತ್ಸಾಹದಲ್ಲಿ ತೋಳು ಬಿಟ್ಟುಬಿಟ್ಟಳು ಅಥವಾ ತಾನೂ ಅವಳ ಮೇಲೆಯೇ ಬಿದ್ದಳು ಎನ್ನಿ. ಆಗ ತಲೆಯ ಹಿಂಭಾಗ ನೆಲಕ್ಕೆ ಹೋಗುತ್ತದೆ. ಎಸೆಯುವ ಕೈಯೇ ಕಾಯುವ ಕೈ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಜೂಡೊದ ತವರಾದ ಜಪಾನಿನಲ್ಲೇ 1983ರಿಂದ ಮುಂದಿನ ಮೂರು ದಶಕಗಳೊಳಗೆ ಶಾಲೆಗಳ ಜೂಡೊ ಅಭ್ಯಾಸದಲ್ಲಿ ಸತ್ತ ಮಕ್ಕಳ ಸಂಖ್ಯೆ ನೂರನ್ನು ದಾಟಿತು. ಹೆಚ್ಚಿನವು ತಲೆಯ ಪೆಟ್ಟುಗಳು. ಸತ್ತವರಲ್ಲಿ ಬಹಳ ಮಂದಿ ಹೊಸದಾಗಿ ಸೇರಿದವರು. ತಲೆ ನೆಲಕ್ಕೆ ತಾಗಲೇಬೇಕೆಂದಿಲ್ಲ; ಜೋರಾಗಿ ಹಿಂದಕ್ಕೆ ತಿರುಗಿ ಕುಲುಕಿದರೂ ಮಿದುಳಿನ ಹೊರಪದರದ ರಕ್ತನಾಳ ಹರಿದು ಒಳಗೇ ರಕ್ತ ಕಟ್ಟಿಕೊಳ್ಳಬಹುದು. ಈ ಅಂಕಿಗಳನ್ನು ಒಟ್ಟುಗೂಡಿಸಿ ಜನರ ಮುಂದಿಟ್ಟವರಲ್ಲಿ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕ ಉಚಿದಾ ರ್‍ಯೊ ಪ್ರಮುಖರು. ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಗಳು 2010ರಲ್ಲಿ ತಾವೇ ಒಂದು ಸಂಘ ಕಟ್ಟಿದರು. 2012ರಿಂದ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಜೂಡೊ ಮುಂತಾದ ಯುದ್ಧಕಲೆಗಳು ಕಡ್ಡಾಯ ಪಾಠವಾಗಲಿದ್ದ ಸಮಯ ಅದು. ಕಲಿಸುವವರು ಯಾರು, ಅವರಿಗೆ ಎಷ್ಟು ಗೊತ್ತು ಎಂಬ ಪ್ರಶ್ನೆ ದೇಶದ ತುಂಬ ಎದ್ದಿತು. ಫ್ರಾನ್ಸಿನಲ್ಲಿ ಜೂಡೊ ಕಲಿಯುವ ಮಕ್ಕಳು ಲಕ್ಷಗಟ್ಟಲೆ. ಆದರೆ ಅಲ್ಲಿ ಸರ್ಕಾರದ ಡಿಪ್ಲೊಮಾ ಇಲ್ಲದೆ ಹಣ ಪಡೆದು ಜೂಡೊ ಕಲಿಸುವಂತಿಲ್ಲ. ಬೆಲ್ಟಿನ ಬಣ್ಣವಷ್ಟೇ ಸಾಲದು ಎಂಬ ಈ ಕಟ್ಟುನಿಟ್ಟು ನಮ್ಮಲ್ಲೂ ಬರಬೇಕಾದದ್ದು.

ಜಪಾನಿನಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟರು. 2022ರ ಮಾರ್ಚ್‌ನಲ್ಲಿ ಅಲ್ಲಿನ ಜೂಡೊ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನೇ ನಿಲ್ಲಿಸಿತು. ಗೆಲುವೇ ಸರ್ವಸ್ವವೆಂಬ ಹುಚ್ಚು ಅತಿಯಾಯಿತು, ಚಿಕ್ಕ ಮಕ್ಕಳನ್ನು ತೂಕ ಇಳಿಸಲು ಹಸಿವಿನಲ್ಲಿಡುವುದು, ತಂದೆ ತಾಯಿಗಳೇ ರೆಫರಿಗಳ ಮೇಲೆ ಕೂಗಾಡುವುದು ನಡೆಯುತ್ತಿದೆ ಎಂಬುದು ಕಾರಣ. ಆಗ ಒಕ್ಕೂಟದ ಅಧ್ಯಕ್ಷರಾಗಿದ್ದವರು ಅದೇ 203 ಗೆಲುವುಗಳ ಯಾಮಾಶಿತಾ. ಗೆಲುವಿನ ರುಚಿ ಅವರಿಗೆ ಗೊತ್ತಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಆದ್ದರಿಂದ ಮಗುವನ್ನು ಜೂಡೊಗೆ ಸೇರಿಸುವ ಮುನ್ನ ಒಂದು ಸಂಜೆ ತರಗತಿಯ ಮೂಲೆಯಲ್ಲಿ ಕುಳಿತು ನೋಡುವುದು ಲೇಸು. ಗೋಡೆಯ ಮೇಲಿನ ಕಪ್ಪುಗಳನ್ನಲ್ಲ, ಎಸೆಯುವವರ ತೋಳಿನ ಕೈಯನ್ನು ನೋಡಬೇಕು. ಮಗುವೊಂದು ಎಸೆದು ಕೈ ಬಿಟ್ಟಾಗ ಗುರು ಸುಮ್ಮನಿರುತ್ತಾರೋ, ತರಗತಿ ನಿಲ್ಲಿಸಿ ಮತ್ತೆ ಹೇಳುತ್ತಾರೋ? ಹೊಸ ಮಕ್ಕಳನ್ನು ಹಳಬರ ಕೈಗೆ ಹೇಗೆ ಒಪ್ಪಿಸುತ್ತಾರೆ? ಹಾಸುಗಳ ನಡುವೆ ಸಂದು ಬಿಟ್ಟಿದೆಯೇ? ತಲೆಗೆ ಪೆಟ್ಟಾಯಿತೆಂದ ಮಗುವನ್ನು ಅದೇ ಸಂಜೆ ಮತ್ತೆ ಆಡಲು ಕಳಿಸುವ ಗುರುವಿನ ಬಳಿ ಎರಡನೆಯ ದಿನ ಹೋಗಬೇಕಿಲ್ಲ. ತಲೆನೋವು, ವಾಂತಿ, ಮಂಕು ಕಂಡರೆ ಆಸ್ಪತ್ರೆಯೇ ಸರಿ. ‘ಮಲಗಿ ಎದ್ದರೆ ಸರಿಹೋಗುತ್ತೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ‘ಎರಡು ತಿಂಗಳಾಯ್ತು, ಬರೀ ಬೀಳೋದನ್ನೇ ಹೇಳಿಕೊಡ್ತಿದ್ದಾರೆ’ ಎಂದು ದೂರುವ ಪೋಷಕರಿಗೆ ಹೇಳಬೇಕಾದದ್ದು ಇಷ್ಟೇ: ಒಳ್ಳೆಯ ಕಡೆ ಸೇರಿಸಿದ್ದೀರಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಹಳೆಯ ಸೈಕಲ್ ಟ್ಯೂಬನ್ನು ಗಟ್ಟಿಯಾದ ಕಂಬಕ್ಕೆ ಕಟ್ಟಿ ಎರಡು ತುದಿ ಹಿಡಿದು, ವಾಚು ನೋಡುವ ಆ ಸೆಳೆತವನ್ನು ದಿನಕ್ಕೆ ಐವತ್ತು ಸಲ ಮಾಡಿದರೆ ಸಾಕು. ಬಾವಿ ಇರುವ ಮನೆಯವರಿಗೆ ನೀರು ಸೇದುವುದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಒದ್ದೆ ಬೆಡ್‌ಶೀಟು ಹಿಂಡುವ ಕೆಲಸವನ್ನು ಮಗನಿಗೆ ಒಪ್ಪಿಸಿದರೆ ಅವನ ಮುಂಗೈಗೂ ಲಾಭ, ತಾಯಿಗೂ ಲಾಭ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಬೇಡ. ಬೆರಳಿನ ನಡುಗಂಟು ಊದಿಕೊಂಡರೆ ಒಂದೆರಡು ದಿನ ಹಿಡಿತದ ಅಭ್ಯಾಸ ಬಿಡುವುದೇ ಮದ್ದು. ಟೇಪು ಸುತ್ತಿ ಆಡಿಸುವುದು ದೊಡ್ಡವರ ರೂಢಿ, ಮಕ್ಕಳದಲ್ಲ.

ಉಗುರು ಚಿಕ್ಕದಾಗಿ ಕತ್ತರಿಸಿರಬೇಕು. ಬೇರೆಯವರ ಕತ್ತು ಗೀರುತ್ತದೆ, ತನ್ನ ಉಗುರೂ ಅಂಗಿಗೆ ಸಿಕ್ಕಿ ಕೀಳುತ್ತದೆ. ಬಳೆ, ಓಲೆ, ಸರ, ಬೆಳ್ಳಿಯ ಉಡಿದಾರ ಇವೆಲ್ಲ ಮನೆಯಲ್ಲೇ ಉಳಿಯಲಿ. ಕೂದಲಿಗೆ ಕಬ್ಬಿಣದ ಕ್ಲಿಪ್ಪು ಬೇಡ, ಬಟ್ಟೆಯ ರಬ್ಬರು ಸಾಕು. ಹೊಸ ಅಂಗಿ ಕೊಂಡಾಗ ತೋಳು ಮಣಿಕಟ್ಟಿಗಿಂತ ಒಂದಿಷ್ಟು ಉದ್ದವೇ ಇರಲಿ. ಹತ್ತಿಯ ಬಟ್ಟೆ, ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಬಿಸಿನೀರಿಗೆ ಹಾಕಿದರೆ ಇನ್ನೂ ಕುಗ್ಗುತ್ತದೆ. ಪಂದ್ಯದ ದಿನ ತೋಳು ಗಿಡ್ಡವೆಂದು ಅಧಿಕಾರಿಗಳು ಅಂಗಿ ಬದಲಿಸಲು ಹೇಳಿ, ಗಾಬರಿಯಲ್ಲಿ ಬೇರೆಯವರದನ್ನು ಕೇಳಿಕೊಂಡು ಓಡಾಡುವ ತಾಯಂದಿರು ಪ್ರತಿ ಕೂಟದಲ್ಲೂ ಒಬ್ಬಿಬ್ಬರು ಕಾಣಸಿಗುತ್ತಾರೆ. ತಣ್ಣೀರಿನಲ್ಲಿ ಒಗೆದು, ತೋಳುಗಳನ್ನು ಎಳೆದು ನೆಟ್ಟಗೆ ಮಾಡಿ, ನೆರಳಿನಲ್ಲಿ ಹರವಿದರೆ ಒಂದು ವರ್ಷಕ್ಕೆ ಚಿಂತೆಯಿಲ್ಲ. ಅಷ್ಟರಲ್ಲಿ ಮಗುವೇ ಬೆಳೆದಿರುತ್ತದೆ.